ಕೊಬ್ಬಿನ ಮಂಗಳವಾರದ ಮರಿಗೆ

ಗ್ರೋಶೇರ್ ದ್ವೀಪ
ಸೆಪ್ಟೆಂಬರ್ 29, 1885, ಮಿಕೇಲನ ಹಬ್ಬ

ತಂಗಿ ಹೆಡ್ಡಾಳಿಗೆ,

ನಿನಗೆ ಬರೆಯಬಾರದು ಎಂದೇ ಇದ್ದೆ. ಅಮ್ಮನನ್ನು ಮಣ್ಣು ಮಾಡಿದ ಮೇಲೆ ಬರೆದಿರಲಿಲ್ಲ, ಇನ್ನೂ ಅಷ್ಟೇ ಕಾಲ ಬರೆಯದೆ ಇರುತ್ತಿದ್ದೆ. ಆದರೆ ನಿನ್ನೆ ಅಂಚೆಯ ಎಸ್ಕಿಲ್ ನಮ್ಮ ಅಡುಗೆಮನೆಯಲ್ಲಿ ಕೂತು, ಮೂಗಿನವರೆಗೂ ಬಟ್ಟಲು ಎತ್ತಿ ಕಾಫಿ ಕುಡಿಯುತ್ತ ಒಂದು ಮಾತು ತೆಗೆದ.

"ನಿಮ್ಮಮ್ಮನ ಮರಿಗೆಗೆ ಒಳ್ಳೆ ಕಾಲ ಬಂತು ಬಿಡು, ಗುಸ್ತಾವಕ್ಕ. ಆಲ್ವಿಕ್ ಪೇಟೇಲಿ ಗಾಜಿನ ಕಿಟಕಿ ಒಳಗೆ ಕೂತದೆ, ಮದುವಣಗಿತ್ತಿ ಕೂತಂಗೆ."

"ಯಾವ ಮರಿಗೆಯೋ?" ಅಂದೆ.

"ನಿಮ್ಮನೇಲಿ ಎಷ್ಟು ಮರಿಗೆ ಇದ್ವು?" ಅಂದ.

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ. ಬರ್ಚ್ ಮರದ ಗಂಟು ಕೊರೆದು ಅಜ್ಜ ಮಾಡಿದ್ದು. ಅದರ ಒಂದು ಕಡೆ ಬಿರುಕು ಬಿಟ್ಟಾಗ ಕಬ್ಬಿಣದ ಕೊಂಡಿ ಬಡಿದದ್ದೂ ಅವನೇ. ವರ್ಷವೆಲ್ಲ ಅಟ್ಟದ ಮೇಲೆ ಮಲಗಿರುತ್ತಿದ್ದ ಅದು ಉಪವಾಸಕ್ಕೆ ಹಿಂದಿನ ಕೊಬ್ಬಿನ ಮಂಗಳವಾರ ಒಂದೇ ದಿನ ಕೆಳಗಿಳಿಯುತ್ತಿತ್ತು. ಏಲಕ್ಕಿ ಹಾಕಿದ ಬನ್ನುಗಳನ್ನು ಅದರಲ್ಲಿ ಜೋಡಿಸಿ, ಒಳಗೆ ಬಾದಾಮಿ ತುಂಬಿ, ಮೇಲೆ ಕುದಿಯುವ ಹಾಲು ಸುರಿದು ಅಮ್ಮ ಮೇಜಿನ ನಡುವೆ ಇಟ್ಟರೆ ಹತ್ತು ಚಮಚಗಳು ಒಟ್ಟಿಗೆ ಇಳಿಯುತ್ತಿದ್ದವು. ಜಗಳವಾಡಿದವರನ್ನು ಎದುರುಬದುರು ಕೂರಿಸುತ್ತಿದ್ದಳು, ನೆನಪಿದೆಯೇ? ಚಮಚಕ್ಕೆ ಚಮಚ ತಾಗಿದರೆ ಜಗಳ ಮುಗಿಯಿತು. ಬೂದಿ ಬುಧವಾರಕ್ಕೆ ಈ ಮನೆಯಲ್ಲಿ ಮುನಿಸು ಉಳಿಯಬಾರದು ಅನ್ನುತ್ತಿದ್ದಳು.

ಅಂಥದ್ದನ್ನು ನೀನು ಹೇಳದೆ ಕೇಳದೆ ಹೊತ್ತುಕೊಂಡು ಹೋಗಿ ಅಂಗಡಿಯಲ್ಲಿ ಇಟ್ಟಿದ್ದೀಯ. ಅಟ್ಟದಲ್ಲಿ ಇಲಿ ಕಡಿದಿರಬೇಕು ಎಂದು ನಾನು ಬೇಸಿಗೆಯೆಲ್ಲ ಹುಡುಕಿದೆ.

ಅದನ್ನು ಮನೆಗೆ ತಲುಪಿಸು.

ಗುಸ್ತಾವಾ


ಆಲ್ವಿಕ್ ಪೇಟೆ
ಅಕ್ಟೋಬರ್ 18, 1885

ಅಕ್ಕ,

ನಿನ್ನ ಪತ್ರವನ್ನು ಗಲ್ಲಾದ ಮುಂದೆ ನಿಂತೇ ಓದಿದೆ. ಗಿರಾಕಿ ಎರಡು ರೈ ರೊಟ್ಟಿ ಕೇಳಿದರೆ ನಾನು ಮೂರು ಕೊಟ್ಟೆನಂತೆ. ಲುಡ್ವಿಗ್ ಹಿಂದಿನಿಂದ, "ನಿಮ್ಮಕ್ಕ ಬರ್ದಾಗೆಲ್ಲ ನಂಗೆ ನಷ್ಟಾನೇ," ಎಂದ. ನನ್ನ ಗಂಡನ ಮಾತು ನಿನಗೆ ಗೊತ್ತು, ಒಲೆಯ ಮುಂದೆ ನಿಂತು ನಿಂತು ಒಣಗಿಹೋಗಿದೆ.

ಮರಿಗೆಯನ್ನು ಕದ್ದೆ ಎಂದು ನೀನು ಬರೆದಿಲ್ಲ, ಅಷ್ಟು ದಯೆ ತೋರಿಸಿದ್ದೀಯ. ಮಣ್ಣಾದ ದಿನ ನೀನು ಅಟ್ಟದ ಏಣಿಯ ಬುಡದಲ್ಲಿ ಕೂತು ಏನು ಹೇಳಿದೆ, ನೆನಪು ಮಾಡಿಕೋ. "ಏನ್ ಬೇಕೋ ತಗೊಂಡ್ ಹೋಗೇ, ನಂಗ್ಯಾವ್ದೂ ಬೇಡ." ನಾನು ತೆಗೆದುಕೊಂಡೆ. ನೀನು ಆಗ ಯಾರನ್ನೂ ನೋಡುತ್ತಿರಲಿಲ್ಲ.

ಕಿಟಕಿಯಲ್ಲಿ ಇಟ್ಟದ್ದು ಮಾರಲಿಕ್ಕಲ್ಲ. ಇಡೀ ದಿನ ನಾನು ಹಿಟ್ಟಿನ ಧೂಳಿನಲ್ಲಿ ಇರುತ್ತೇನೆ. ತಲೆ ಎತ್ತಿದಾಗ ನಮ್ಮ ಮನೆಯದು ಏನಾದರೂ ಒಂದು ಕಾಣಲಿ ಎಂದು ಇಟ್ಟೆ.

ಆದರೂ ನಿನ್ನ ಮಾತು ನಿಜ. ಅದು ಇರಬೇಕಾದ ಮೇಜು ನಿನ್ನದು. ಕ್ರಿಸ್‌ಮಸ್ ಮುಗಿಯುವವರೆಗೆ ನನಗೆ ಉಸಿರಾಡಲು ಬಿಡುವಿಲ್ಲ, ಲುಡ್ವಿಗ್ ಒಬ್ಬನೇ ಒಲೆ ನೋಡಲಾರ. ಕಡಲು ಹೆಪ್ಪುಗಟ್ಟಲಿ. ಕೊಬ್ಬಿನ ಮಂಗಳವಾರ ನಾನೇ ಜಾರುಬಂಡಿಗೆ ಕಟ್ಟಿ ಮಂಜುಗಡ್ಡೆಯ ಮೇಲೆ ಎಳೆದು ತರುತ್ತೇನೆ. ಬನ್ನುಗಳನ್ನೂ ನಾನೇ ತರುತ್ತೇನೆ. ನೀನು ಹಾಲು ಕಾಯಿಸು. ನಾವಿಬ್ಬರೂ ಎದುರುಬದುರು ಕೂರೋಣ.

ಹಾಗಾದೀತೇ ಅಕ್ಕ?

ನಿನ್ನ ಹೆಡ್ಡಾ


ಗ್ರೋಶೇರ್
ಡಿಸೆಂಬರ್ 10, 1885

ಹೆಡ್ಡಾ,

ನಾನು ಏಣಿಯ ಬುಡದಲ್ಲಿ ಹಾಗೆ ಅಂದೆನೆಂದು ಯಾನ್ ಪೆಟ್ಟರ್ ಕೂಡ ಹೇಳುತ್ತಾನೆ. ಗಂಡ ಯಾವಾಗಲೂ ಮನೆಯಾಚೆಯವರ ಪರ. ಹೋಗಲಿ ಬಿಡು, ಅಂದಿರಬಹುದು.

ಕೊಬ್ಬಿನ ಮಂಗಳವಾರ ಬಾ. ಎದುರುಬದುರು ಕೂರುವುದನ್ನು ಆಮೇಲೆ ನೋಡೋಣ.

ಹಂದಿ ಕೊಯ್ದಾಯಿತು. ಆ ದಿನಕ್ಕೆ ಬೇಕಾದ ತೊಡೆ ಉಪ್ಪಿನಲ್ಲಿದೆ. ಆವತ್ತು ಏಳು ಸಲ ಜಿಡ್ಡು ತಿನ್ನಬೇಕು ಎಂದು ಅಮ್ಮ ನಮಗೆ ತುರುಕುತ್ತಿದ್ದಳಲ್ಲ. ಮರುದಿನದಿಂದ ಈಸ್ಟರ್‌ವರೆಗೆ ನಲವತ್ತು ದಿನ ಬಾಯಿ ಕಟ್ಟುವವರ ಹಾಗೆ ತಿನ್ನುತ್ತೇವೆ, ಆದರೆ ಈ ದ್ವೀಪದಲ್ಲಿ ಉಪವಾಸ ಮಾಡಿದ ಒಬ್ಬನನ್ನೂ ನಾನು ಕಂಡಿಲ್ಲ. ಉಪವಾಸ ಹೋಗಿ ಮುನ್ನೂರು ವರ್ಷವಾಯಿತು, ಅದರ ಹಿಂದಿನ ದಿನದ ಊಟ ಮಾತ್ರ ಉಳಿಯಿತು ಎಂದು ಪಾದ್ರಿ ನಗುತ್ತಾನೆ.

ಕಡಲು ಇನ್ನೂ ಕಪ್ಪಗೆ ತೆರೆದೇ ಇದೆ. ಹಂಸಗಳು ಹೋಗಿಲ್ಲ. ಇಷ್ಟು ಹೊತ್ತಿಗೆ ಅವು ದಕ್ಷಿಣಕ್ಕೆ ಹೋಗಿರಬೇಕು. ಜೆಟ್ಟಿಯ ಪಕ್ಕದಲ್ಲೇ ಕೂತು ನನ್ನನ್ನು ನೋಡುತ್ತವೆ. ಯಾನ್ ಪೆಟ್ಟರ್ ಅದರ ಬಗ್ಗೆ ಏನೂ ಹೇಳುವುದಿಲ್ಲ. ಹಡಗುಗಳಿಗೆ ದಾರಿ ತೋರಿಸುವವನು ಕಡಲಿನ ಬಗ್ಗೆ ಸುಮ್ಮನಾದರೆ ನನಗೆ ಇಷ್ಟವಾಗುವುದಿಲ್ಲ.

ಗುಸ್ತಾವಾ


ಆಲ್ವಿಕ್
ಜನವರಿ 13, 1886

ಅಕ್ಕ,

ಕೊನೆಗೂ ಚಳಿ ಬಂತು. ಹೊಸ ವರ್ಷದ ಮರುವಾರವೇ ಗಡ್ಡೆ ಕಟ್ಟಿತು. ನಿನ್ನ ಗಂಡ ದಾರಿಗುಂಟ ನೆಟ್ಟ ಫರ್ ಕೊಂಬೆಗಳು ಇಲ್ಲಿಯ ದಡದಿಂದ ಕಾಣುತ್ತವೆ, ದ್ವೀಪದವರೆಗೂ ಕಪ್ಪು ಹೊಲಿಗೆ ಹಾಕಿದ ಹಾಗೆ. ನಿನ್ನೆ ಮೀನಿನ ಗಾಡಿಯೊಂದು ಕುದುರೆ ಸಮೇತ ದಾಟಿ ಬಂತು.

ರೊಟ್ಟಿ ಬೇಯುವ ಹೊತ್ತಿನಲ್ಲಿ ನಾನು ದಡಕ್ಕೆ ಹೋಗಿ ನಿಮ್ಮ ಗುಡ್ಡದ ಮೇಲಿನ ಕಂಬ ನೋಡುತ್ತೇನೆ. ಅಮ್ಮ ಹಾಲನ್ನು ಒಲೆಗೆ ಇಟ್ಟ ಕೂಡಲೇ ಅಪ್ಪನನ್ನು ಓಡಿಸಿ ಆ ಕಂಬಕ್ಕೆ ಕೆಂಪು ಹೊದಿಕೆ ಕಟ್ಟಿಸುತ್ತಿದ್ದಳು. ಹೊದಿಕೆ ಕಂಡರೆ ನಾನು ಹೊರಡುತ್ತಿದ್ದೆ. ನಡೆದು ಬಂದು ಬಾಗಿಲು ತೆಗೆಯುವಷ್ಟರಲ್ಲಿ ಹಾಲು ಉಕ್ಕುತ್ತಿತ್ತು, ನೀನು ಬೈಯುತ್ತಿದ್ದೆ.

ಹೋದ ವರ್ಷ ಆ ಮಂಗಳವಾರ ಅಂಗಡಿಯಲ್ಲಿ ಜನ ಕಿಕ್ಕಿರಿದಿತ್ತು. ಆದರೂ ಮೂರು ಸಲ ದಡಕ್ಕೆ ಓಡಿ ನೋಡಿದೆ. ಕಂಬ ಬರಿದಾಗಿಯೇ ಇತ್ತು. ಲುಡ್ವಿಗ್‌ಗೆ ಹೇಳಿದೆ, "ಅಮ್ಮ ಹೋದ್ಲು." ಅವನು, "ಹಿಟ್ಟು ಕಲಸ್ತಾ ಮರ್ತಿರ್ಬೇಕು ಕಣೇ," ಎಂದ. ಮರುದಿನ ಬೆಳಿಗ್ಗೆ ಯಾನ್ ಪೆಟ್ಟರ್ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಾಗ ನಾನು ಏಪ್ರನ್ ಬಿಚ್ಚಿದೆ. ನನಗೆ ಆಗಲೇ ಗೊತ್ತಿತ್ತು.

ಅದಕ್ಕೇ ಒಂದು ಮಾತು ಕೇಳುತ್ತೇನೆ. ನಿನ್ನ ಸಿಟ್ಟು ಇಳಿದಿದ್ದರೆ ಆ ದಿನ ಹೊದಿಕೆ ಕಟ್ಟು. ಅದನ್ನು ಕಂಡು ಹೊರಡುತ್ತೇನೆ. ಸಿಟ್ಟು ಇಳಿಯದಿದ್ದರೆ ಕಟ್ಟಬೇಡ.

ಇನ್ನೊಂದು. ಗಡ್ಡೆ ಈಗ ಬಂಡೆಯ ಹಾಗಿದೆ. ಮುಂದಿನ ತಿಂಗಳ ಮೊದಲಲ್ಲಿ, ಮೇಣದಬತ್ತಿ ಹಬ್ಬಕ್ಕೇ ಬಂದುಬಿಡಲೇ? ಮರಿಗೆಯನ್ನೂ ತರುತ್ತೇನೆ.

ನಿನ್ನ ಹೆಡ್ಡಾ


ಗ್ರೋಶೇರ್
ಜನವರಿ 22, 1886

ಹೆಡ್ಡಾ,

ಬೇಡ.

ಮರಿಗೆ ಕೊಬ್ಬಿನ ಮಂಗಳವಾರದ್ದು. ಮೇಣದಬತ್ತಿ ಹಬ್ಬಕ್ಕೆ ಅದರಲ್ಲಿ ಏನು ತಿನ್ನುವುದು, ಮೇಣವನ್ನೇ? ನಿನ್ನ ಗಂಡ ಕ್ರಿಸ್‌ಮಸ್ ಮುಗಿದ ಮರುದಿನದಿಂದಲೇ ಬನ್ನು ಮಾರುತ್ತಾನಂತೆ, ಎಸ್ಕಿಲ್ ಹೇಳಿದ. ಇನ್ನು ಈಸ್ಟರ್ ಕಳೆದ ಮೇಲೂ ಮಾರುತ್ತಾನೇನೋ. ನಿಮ್ಮ ಪೇಟೆಯಲ್ಲಿ ಹಬ್ಬಕ್ಕೆ ದಿನವೇ ಬೇಕಾಗಿಲ್ಲ. ಇಲ್ಲಿ ಬೇಕು. ವರ್ಷಕ್ಕೆ ಒಂದು ದಿನ, ಬನ್ನು, ಹಾಲು, ಮರಿಗೆ. ಅಮ್ಮ ಅದನ್ನು ಮುಂದಕ್ಕೂ ತಳ್ಳಲಿಲ್ಲ, ಹಿಂದಕ್ಕೂ ಎಳೆಯಲಿಲ್ಲ.

ಕೊಬ್ಬಿನ ಮಂಗಳವಾರ ಎಂದು ನೀನೇ ಬರೆದೆ. ಆ ದಿನವೇ ಬಾ. ಆ ದಿನ ಬರಲಾಗದಿದ್ದರೆ ಮರಿಗೆಯನ್ನು ಕಿಟಕಿಯಲ್ಲೇ ಇಟ್ಟುಕೋ, ಇನ್ನು ನಾನು ಕೇಳುವುದಿಲ್ಲ.

ಯಾನ್ ಪೆಟ್ಟರ್ ಇದನ್ನು ಓದಿ, "ಯಾಕೆ, ಬರ್ಲಿ ಬಿಡೇ, ಈಗ ಆನೆ ನಡೆದ್ರೂ ತಡ್ಯತ್ತೆ," ಎಂದ. ಆನೆ ಬಂದರೆ ಆನೆಗೆ ಹಾಲು ಕಾಯಿಸು ಎಂದೆ.

ಹೊದಿಕೆಯ ವಿಷಯ ನೋಡೋಣ.

ಗುಸ್ತಾವಾ


ಆಲ್ವಿಕ್
ಫೆಬ್ರವರಿ 4, 1886

ಅಕ್ಕ,

ನಿನ್ನ ಮಾತೇ ಆಗಲಿ. ಎಸ್ಕಿಲ್ ಚೀಲ ಹೆಗಲಿಗೇರಿಸಿ ನಿಂತಿದ್ದಾನೆ, ಹೆಚ್ಚು ಬರೆಯಲಾರೆ.

ಕೊಬ್ಬಿನ ಮಂಗಳವಾರ ಬರುತ್ತೇನೆ. ಯಾರು ಏನೇ ಹೇಳಲಿ, ಆ ದಿನ ಬಂದೇ ಬರುತ್ತೇನೆ. ಮಾತಿಗೆ ತಪ್ಪಿದಳು ಎಂದು ನೀನು ಹೇಳುವ ಹಾಗೆ ಮಾಡುವುದಿಲ್ಲ.

ಎರಡು ದಿನದಿಂದ ಇಲ್ಲಿ ಸೂರಿನಿಂದ ನೀರು ತೊಟ್ಟಿಕ್ಕುತ್ತಿದೆ. ಲುಡ್ವಿಗ್‌ನ ಹಿಟ್ಟು ಹುಳಿ ಬಂತು.

ಹೆಡ್ಡಾ


ಗ್ರೋಶೇರ್
ಫೆಬ್ರವರಿ 16, 1886

ನನ್ನ ಹೆಡ್ಡಾ,

ಇವತ್ತು ಬೆಳಿಗ್ಗೆ ನಾನು ಮರೆತು ಉಪ್ಪಿನಿಂದ ಹಂದಿಯ ತೊಡೆ ತೆಗೆದೆ. ಹೋದ ವರ್ಷ ಈ ಹೊತ್ತಿಗೆ ಮಂಗಳವಾರ ಬಂದಿತ್ತಲ್ಲ, ಕೈಗೆ ಅದೇ ಅಭ್ಯಾಸ. ಯಾನ್ ಪೆಟ್ಟರ್ ನಕ್ಕು ಗೋಡೆಯಿಂದ ಪಂಚಾಂಗ ಇಳಿಸಿದ, ನನಗೆ ತೋರಿಸಲು. ತೋರಿಸುತ್ತ ತೋರಿಸುತ್ತ ಅವನ ನಗು ನಿಂತಿತು.

"ಗುಸ್ತಾವಾ, ಈ ವರ್ಷ ಈಸ್ಟರ್ ಏಪ್ರಿಲ್ ಇಪ್ಪತ್ತೈದಕ್ಕೆ."

"ಆದ್ರೇನು?"

"ಇದಕ್ಕಿಂತ ತಡವಾಗಿ ಈಸ್ಟರ್ ಬರೋದೇ ಇಲ್ಲ ಕಣೇ. ಅದರಿಂದ ಹೆಚ್ಚೂಕಮ್ಮಿ ಏಳು ವಾರ ಹಿಂದಕ್ಕೆ ಎಣಿಸು, ನಿನ್ನ ಮಂಗಳವಾರ ಮಾರ್ಚ್ ಒಂಬತ್ತಕ್ಕೆ."

ಹೆಡ್ಡಾ, ನಾವಿಬ್ಬರೂ ಕಡಲಲ್ಲಿ ಹುಟ್ಟಿದವರು. ಹಬ್ಬ ಚಂದ್ರನ ಹಿಂದೆ ಓಡಾಡುತ್ತದೆ, ಗಡ್ಡೆ ಓಡಾಡುವುದಿಲ್ಲ. ಇದು ನಮಗೆ ಗೊತ್ತಿಲ್ಲದ ಮಾತೇ? ಆದರೆ ಕೊಬ್ಬಿನ ಮಂಗಳವಾರ ಎಂದರೆ ಚಳಿಗಾಲದ ನಟ್ಟನಡುವೆ, ಜಾರುಬಂಡಿಯ ದಿನ, ಕೆನ್ನೆ ಸುಡುವ ದಿನ ಎಂದೇ ನನ್ನ ತಲೆಯಲ್ಲಿ ಕೂತಿತ್ತು. ನಿನ್ನ ತಲೆಯಲ್ಲೂ ಹಾಗೇ ಕೂತಿರಬೇಕು. ಇಬ್ಬರೂ ದಿನದ ಹೆಸರು ಹಿಡಿದು ಜಗ್ಗಿದೆವು, ತಾರೀಖು ನೋಡಲಿಲ್ಲ.

ಎರಡು ವಾರದಿಂದ ಮಳೆ. ಗಡ್ಡೆಯ ಬಣ್ಣ ಬೂದಿಯಾಗಿದೆ. ಫರ್ ಕೊಂಬೆಗಳು ಒಂದೊಂದೇ ವಾಲುತ್ತಿವೆ. ಬರಬೇಡ. ಮರಿಗೆ ಅಲ್ಲೇ ಇರಲಿ. ಬೇಸಿಗೆಯಲ್ಲಿ ದೋಣಿಯಲ್ಲಿ ಬಾ, ಜೂನ್ ತಿಂಗಳಲ್ಲಿ ಬನ್ನು ತಿನ್ನೋಣ, ಅಮ್ಮ ಬೈದರೆ ನಾನು ಬೈಸಿಕೊಳ್ಳುತ್ತೇನೆ.

ಗುಸ್ತಾವಾ

ಮಧ್ಯಾಹ್ನ ಬರೆದದ್ದು: ಎಸ್ಕಿಲ್ ಇದನ್ನು ತೆಗೆದುಕೊಂಡು ಹೊರಟವನು ಎರಡನೆಯ ಬಂಡೆಯವರೆಗೆ ಹೋಗಿ ವಾಪಸು ಬಂದ. ಮೊಣಕಾಲವರೆಗೆ ಒದ್ದೆ. "ಮೆನ್‌ಫೋರೆ ಶುರುವಾಯ್ತು ಗುಸ್ತಾವಕ್ಕ," ಎಂದು ಪತ್ರವನ್ನು ಮೇಜಿನ ಮೇಲೆ ಇಟ್ಟ. ಕಾಲಿಗೂ ತಡೆಯದ, ದೋಣಿಗೂ ಒಡೆಯದ ಗಡ್ಡೆಗೆ ನಮ್ಮವರು ಇಟ್ಟ ಈ ಹೆಸರು ಕೇಳಿದರೆ ಸಾಮಾನ್ಯವಾಗಿ ನಾನು ಖುಷಿಪಡುತ್ತೇನೆ, ಯಾರೂ ಬರುವುದಿಲ್ಲ, ನೂಲು ಸುತ್ತುತ್ತ ಕೂರಬಹುದು ಎಂದು.


ಗ್ರೋಶೇರ್
ಮಾರ್ಚ್ 3, 1886

ಹೆಡ್ಡಾ,

ಮೊದಲಿನ ಪತ್ರ ಇನ್ನೂ ಕಿಟಕಿಯ ಹಲಗೆಯ ಮೇಲಿದೆ. ಇದೂ ಅದರ ಪಕ್ಕಕ್ಕೆ ಹೋಗುತ್ತದೆ. ಆದರೂ ಬರೆಯುತ್ತೇನೆ, ಕೈ ಸುಮ್ಮನಿರುವುದಿಲ್ಲ.

ನಿನ್ನೆ ಯಾನ್ ಪೆಟ್ಟರ್ ಮತ್ತು ಎಸ್ಕಿಲ್ ದೋಣಿಯನ್ನು ಗಡ್ಡೆಯ ಮೇಲೆ ಎಳೆದುಕೊಂಡು ಹೊರಟರು, ಒಡೆದಲ್ಲಿ ಹುಟ್ಟು ಹಾಕಿ, ತಡೆದಲ್ಲಿ ಎಳೆದು. ನಾಲ್ಕು ಜನರ ಕೆಲಸ ಅದು. ದ್ವೀಪದ ಉಳಿದ ಗಂಡಸರು ಹೊರಗಿನ ಬಂಡೆಗಳಿಗೆ ಸೀಲ್ ಬೇಟೆಗೆ ಹೋದವರು ಅಲ್ಲೇ ಸಿಕ್ಕಿಕೊಂಡಿದ್ದಾರೆ. ಕತ್ತಲಾಗುವ ಮೊದಲು ಇಬ್ಬರೂ ತೆವಳಿಕೊಂಡು ಬಂದರು. ಗಡ್ಡೆಯ ಅಂಚು ದೋಣಿಯ ಹಲಗೆಯನ್ನು ಕೊಯ್ದಿದೆ. ಯಾನ್ ಪೆಟ್ಟರ್‌ನ ಭುಜ ಊದಿದೆ, ತೋಳು ಎತ್ತಲಾರ.

"ಅವ್ಳು ದಡ್ಡಿಯಲ್ಲ," ಎಂದ. "ಗಡ್ಡೆ ನೋಡಿದ್ರೆ ಗೊತ್ತಾಗತ್ತೆ ಅವ್ಳಿಗೆ. ಬರಲ್ಲ."

"ಮಾತು ಕೊಟ್ಟಿದಾಳೆ."

"ಮಾತು ಕೊಟ್ಟೋರೆಲ್ಲ ಬಂದಿದ್ರೆ ಈ ದ್ವೀಪದಲ್ಲಿ ನಿಲ್ಲಕ್ಕೆ ಜಾಗ ಇರ್ತಿರಲಿಲ್ಲ."

ನನ್ನನ್ನು ನಗಿಸಲು ಹೇಳಿದ. ಯಾರು ಏನೇ ಹೇಳಲಿ ಬರುತ್ತೇನೆ ಎಂದು ನೀನು ಬರೆದದ್ದನ್ನು ಅವನಿಗೆ ತೋರಿಸಿದೆ. ಓದಿದ ಮೇಲೆ ಅವನೂ ನಗಲಿಲ್ಲ.

ಗಡ್ಡೆಯ ಅಡಿಯಿಂದ ಸದ್ದು ಬರುತ್ತದೆ. ದೊಡ್ಡ ಪ್ರಾಣಿಯೊಂದು ಕೆಳಗೆ ಮಗ್ಗುಲು ಬದಲಿಸಿದ ಹಾಗೆ.

ಗುಸ್ತಾವಾ


ಗ್ರೋಶೇರ್
ಮಾರ್ಚ್ 8, 1886, ಬನ್ನಿನ ಸೋಮವಾರ

ಹೆಡ್ಡಾ,

ದಾರಿ ಸಿಕ್ಕಿತು. ನಿನ್ನದೇ ಪತ್ರದಲ್ಲಿ ಇತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಸಿಟ್ಟು ಇಳಿದಿದ್ದರೆ ಹೊದಿಕೆ ಕಟ್ಟು, ಇಳಿಯದಿದ್ದರೆ ಕಟ್ಟಬೇಡ ಎಂದು ಬರೆದಿದ್ದೀಯ. ನಾನು ಕಟ್ಟುವುದಿಲ್ಲ. ನಾಳೆ ನೀನು ದಡಕ್ಕೆ ಬಂದು ನೋಡುತ್ತೀಯ, ಕಂಬ ಬರಿದಾಗಿರುತ್ತದೆ, ಅಕ್ಕ ಕಲ್ಲು ಎಂದುಕೊಂಡು ಹಿಂದಕ್ಕೆ ಹೋಗುತ್ತೀಯ. ಅಳು, ಬೈಯಿ, ಮರಿಗೆಯನ್ನು ಒಲೆಗೆ ಹಾಕು. ಹಿಂದಕ್ಕೆ ಹೋದರೆ ಸಾಕು. ನೀರು ತೆರೆದ ದಿನ ಈ ಮೂರೂ ಪತ್ರಗಳನ್ನು ನಾನೇ ತಂದು ನಿನ್ನ ಕೈಯಲ್ಲಿ ಇಡುತ್ತೇನೆ. ನೀನು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಓದು.

ಕೆಂಪು ಹೊದಿಕೆಯನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿ ಬೀಗ ಹಾಕಿದ್ದೇನೆ. ಯಾನ್ ಪೆಟ್ಟರ್‌ಗೂ ಬೀಗದಕೈ ಕೊಟ್ಟಿಲ್ಲ.

ಸಿಟ್ಟು ಯಾವಾಗಲೋ ಇಳಿದಿತ್ತು ಹೆಡ್ಡಾ. ಮೇಣದಬತ್ತಿ ಹಬ್ಬಕ್ಕೆ ಬಾ ಎನ್ನಬೇಕಿತ್ತು.

ನಿನ್ನ ಅಕ್ಕ


ಆಲ್ವಿಕ್
ಮಾರ್ಚ್ 9, 1886, ಕೊಬ್ಬಿನ ಮಂಗಳವಾರ

ಅಕ್ಕ,

ಕಂಬ ಬರಿದಾಗಿದೆ.

ಬೆಳಕು ಹರಿದಾಗ ನೋಡಿದೆ. ಮೊದಲ ಬನ್ನುಗಳು ಒಲೆಯಿಂದ ಬಂದಾಗ ನೋಡಿದೆ. ಈಗಷ್ಟೇ ಮತ್ತೆ ಹೋಗಿ ನೋಡಿ ಬಂದೆ.

ಸಿಟ್ಟಾದರೆ ಕಟ್ಟಬೇಡ ಎಂದು ಬರೆದವಳು ನಾನೇ. ದಡದಲ್ಲಿ ನಿಂತು ಅದನ್ನೇ ಹೇಳಿಕೊಂಡೆ, ಅಕ್ಕನಿಗೆ ಸಿಟ್ಟು, ಅಕ್ಕನಿಗೆ ಸಿಟ್ಟು. ನಂಬಲು ಆಗಲಿಲ್ಲ. ನೀನು ಸಿಟ್ಟಿನಲ್ಲಿ ಸುಮ್ಮನಿರುವವಳಲ್ಲ. ಸಿಟ್ಟಿದ್ದರೆ ಕಂಬಕ್ಕೆ ಹಳೆಯ ಲಂಗವನ್ನಾದರೂ ಕಟ್ಟಿ ನನ್ನನ್ನು ಅಣಕಿಸುತ್ತಿದ್ದೆ. ಒಂದು ತಿಂಗಳಿಂದ ನಿನ್ನ ಒಂದು ಸಾಲೂ ಇಲ್ಲ. ಈ ಕಂಬ ಬರಿದಾಗಿದ್ದದ್ದನ್ನು ಕೊಬ್ಬಿನ ಮಂಗಳವಾರ ನಾನು ಒಂದೇ ಸಲ ನೋಡಿದ್ದೇನೆ. ಆವತ್ತು ಲುಡ್ವಿಗ್‌ನ ಮಾತು ಕೇಳಿ ಅಂಗಡಿಯಲ್ಲಿ ನಿಂತೆ. ನಾನು ಬರುವಷ್ಟರಲ್ಲಿ ಅಮ್ಮನ ಮುಖಕ್ಕೆ ಬಟ್ಟೆ ಹೊದಿಸಿದ್ದಿರಿ.

ಈ ಸಲ ನಿಲ್ಲುವುದಿಲ್ಲ.

ಗಡ್ಡೆ ಚೆನ್ನಾಗಿಲ್ಲ, ಕುರುಡಿಯಲ್ಲ ನಾನು. ಆದರೆ ಬೆಳಗಿನ ಜಾವ ಸ್ವಲ್ಪ ಹೆಪ್ಪುಗಟ್ಟಿದೆ, ಕೊಂಬೆಗಳು ಇನ್ನೂ ನಿಂತಿವೆ. ಕೋಲು ಹಿಡಿದು ತಟ್ಟುತ್ತ ಬರುತ್ತೇನೆ. ಮರಿಗೆಯನ್ನು ಹಗ್ಗ ಕಟ್ಟಿ ನನ್ನ ಹಿಂದೆ ಎಳೆದು ತರುತ್ತೇನೆ, ಅದು ಹಗುರ. ಅದರಲ್ಲಿ ಬನ್ನುಗಳಿವೆ, ಮೇಲೆ ಬಟ್ಟೆ ಮುಚ್ಚಿದ್ದೇನೆ.

ನೀನು ಹಾಸಿಗೆಯಲ್ಲಿದ್ದರೆ ಹಾಲು ನಾನೇ ಕಾಯಿಸುತ್ತೇನೆ. ನೀನು ಬಾಗಿಲಲ್ಲಿ ನಿಂತು ಬೈದರೆ ಈ ಪತ್ರ ನಿನಗೆ ಕೊಡುವುದೇ ಇಲ್ಲ, ಅದಕ್ಕೇ ಇಲ್ಲೇ ಬಿಟ್ಟು ಬರುತ್ತೇನೆ.

ಹೆಡ್ಡಾ


ಆಲ್ವಿಕ್
ಏಪ್ರಿಲ್ 12, 1886

ಗುಸ್ತಾವಾ ಅತ್ತಿಗೆಗೆ,

ನನಗೆ ಬರೆಯಲು ಬರುವುದಿಲ್ಲ, ನಿಮಗೆ ಗೊತ್ತು.

ನೀರು ತೆರೆದ ಕೂಡಲೇ ಯಾನ್ ಪೆಟ್ಟರ್ ಬಂದು ಎಲ್ಲವನ್ನೂ ಹೇಳಿದ. ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅದಕ್ಕಿಂತ ಮುಂಚೆ ನಾನು ಒಂದು ತಿಂಗಳು ಅವಳು ನಿಮ್ಮಲ್ಲಿದ್ದಾಳೆ, ಮೆನ್‌ಫೋರೆ ಮುಗಿಯಲಿ ಎಂದು ಕಾಯುತ್ತಿದ್ದೆ. ಪೇಟೆಯವರು ಕೇಳಿದರೆ ಹಾಗೇ ಹೇಳುತ್ತಿದ್ದೆ. ಅವಳು ಅಕ್ಕನ ಜೊತೆ ಎದುರುಬದುರು ಕೂತಿದ್ದಾಳೆ ಎಂದು.

ಆ ದಿನ ನಾನು ತಡೆಯಲಿಲ್ಲ ಎಂದುಕೊಳ್ಳಬೇಡಿ. "ಹೆಡ್ಡಾ, ಇವತ್ತು ಬೇಡ," ಎಂದೆ. ಅವಳು ಏಪ್ರನ್ ಬಿಚ್ಚಿ ಮೊಳೆಗೆ ಹಾಕುತ್ತ, "ಹೋದ್ವರ್ಷಾನೂ ನೀನು ಇದನ್ನೇ ಹೇಳ್ದೆ," ಎಂದಳು. ಅಂಗಡಿಯಲ್ಲಿ ಜನ ತುಂಬಿದ್ದರು. ಅವಳು ಹಿತ್ತಲ ಬಾಗಿಲಿಂದ ಹೋದಳು.

ನಿನ್ನೆ ಹಿಟ್ಟಿನ ತಕ್ಕಡಿ ಎತ್ತಿ ಒರೆಸುವಾಗ ಅದರ ಅಡಿಯಲ್ಲಿ ಈ ಪತ್ರ ಸಿಕ್ಕಿತು. ಮೇಲೆ ನಿಮ್ಮ ಹೆಸರಿದೆ. ನಾನು ತೆರೆದಿಲ್ಲ.

ಬನ್ನು ಮಾಡುವುದನ್ನು ನಿಲ್ಲಿಸಿದ್ದೇನೆ. ರೊಟ್ಟಿ ಮಾತ್ರ.

ಲುಡ್ವಿಗ್


ಗ್ರೋಶೇರ್
ಏಪ್ರಿಲ್ 26, 1886, ಈಸ್ಟರ್ ಮರುದಿನ

ಲುಡ್ವಿಗ್,

ಅವಳು ಯಾಕೆ ಬಂದಳು ಎಂದು ನೀನು ಕಳಿಸಿದ ಅವಳ ಪತ್ರ ಓದುವವರೆಗೆ ನನಗೆ ಗೊತ್ತಿರಲಿಲ್ಲ. ಕಂಬ ಬರಿದಾಗಿದ್ದರೂ ಯಾಕೆ ಬಂದಳು ಎಂದು ಇಡೀ ತಿಂಗಳು ಗೋಡೆಯನ್ನು ಕೇಳುತ್ತಿದ್ದೆ. ಈಗ ಗೊತ್ತಾಯಿತು. ಹೋದ ವರ್ಷ ಬರಿಗಂಬ ಅವಳಿಗೆ ಏನು ಹೇಳಿತ್ತು ಎಂಬುದನ್ನು ಅವಳು ಜನವರಿಯಲ್ಲೇ ನನಗೆ ಬರೆದಿದ್ದಳು. ಆ ಸಾಲನ್ನು ನಾನು ಓದಿದ್ದೆ. ಅದರ ಕೆಳಗಿನ ಸಾಲು ನನಗೆ ಉಪಯೋಗಕ್ಕೆ ಬರುವಂತಿತ್ತು, ಅದನ್ನು ಮಾತ್ರ ಹಿಡಿದುಕೊಂಡೆ.

ಯಾನ್ ಪೆಟ್ಟರ್ ನಿನಗೆ ಎಲ್ಲವನ್ನೂ ಹೇಳಿರಲಾರ, ಅವನು ಜೆಟ್ಟಿಯಲ್ಲಿ ಇದ್ದ. ಗುಡ್ಡದ ಮೇಲೆ ಇದ್ದವಳು ನಾನು.

ಆ ದಿನ ಹೆಂಗಸರು ಗುಡ್ಡದಿಂದ ಜಾರಬೇಕು, ಎಷ್ಟು ದೂರ ಜಾರುತ್ತೇವೋ ಅಗಸೆ ಅಷ್ಟು ಎತ್ತರ ಬೆಳೆಯುತ್ತದೆ ಎಂದು ಇಲ್ಲಿಯ ರೂಢಿ. ಹಿಮ ಕರಗಿ ಕೆಸರಾಗಿತ್ತು, ಯಾರೂ ಜಾರಲಿಲ್ಲ. ನಾನು ಹೋದದ್ದು ದಡ ಖಾಲಿಯಿದೆ ಎಂದು ಕಣ್ಣಾರೆ ನೋಡಿ ನೆಮ್ಮದಿಯಾಗಿ ಬರೋಣ ಎಂದು. ಕಂಬದ ಬುಡದಲ್ಲಿ ನಿಂತು ನೋಡಿದೆ. ಕೊಂಬೆಗಳ ಸಾಲಿನಲ್ಲಿ ಒಂದು ಕೊಂಬೆ ನಡೆಯುತ್ತಿತ್ತು.

ಕೂಗಿದೆ. ಗಾಳಿ ಎದುರಿನಿಂದ ಬರುತ್ತಿತ್ತು. ಹಿಂದಕ್ಕೆ ಹೋಗು ಎಂದು ಎರಡೂ ಕೈ ಎತ್ತಿ ಬೀಸಿದೆ. ಲುಡ್ವಿಗ್, ಅಷ್ಟು ದೂರದಿಂದ ಹೋಗು ಎನ್ನುವ ಕೈಯೂ ಬಾ ಎನ್ನುವ ಕೈಯೂ ಒಂದೇ ಥರ ಕಾಣುತ್ತದೆ. ಅವಳು ನಿಂತಳು. ನನ್ನನ್ನು ಕಂಡಳು. ನಾನು ಬದುಕಿದ್ದೇನೆ ಎಂದು ಅವಳಿಗೆ ಆಗ ತಿಳಿಯಿತು, ಅದು ನನಗೆ ಈಗ ತಿಳಿಯುತ್ತಿದೆ. ಅವಳೂ ಕೈ ಎತ್ತಿ ಬೀಸಿದಳು. ಚಿಕ್ಕಂದಿನಲ್ಲಿ ಬೀಸುತ್ತಿದ್ದ ಹಾಗೆ, ಇಡೀ ಮೈಯಿಂದ. ಆಮೇಲೆ ಕೋಲು ತಟ್ಟುವುದನ್ನು ಬಿಟ್ಟು ಬೇಗ ಬೇಗ ಬರತೊಡಗಿದಳು.

ನಾನು ಇಳಿಯಲು ಕಾಲಿನ ಕೆಳಗಿನ ಕಲ್ಲು ನೋಡಿದೆ. ತಲೆ ಎತ್ತಿದಾಗ ಕೊಂಬೆಗಳಷ್ಟೇ ಇದ್ದವು.

ಯಾನ್ ಪೆಟ್ಟರ್ ಒಂದೇ ಕೈಯಲ್ಲಿ ಒಡೆದ ದೋಣಿ ತಳ್ಳಿದ. ಅವನಿಂದ ಆದದ್ದು ಅಷ್ಟೇ. ಅವಳು ಇನ್ನೂ ಸಿಕ್ಕಿಲ್ಲ. ನೀರು ತೆರೆದಾಗಿನಿಂದ ಅವನು ದಿನವೂ ಹೋಗುತ್ತಾನೆ, ಬಂದು ಬೂಟು ಬಿಚ್ಚುತ್ತಾನೆ.

ಮರಿಗೆ ಬಂತು. ಸಂಜೆಯೊಳಗೆ ಬಂತು, ಅವಳು ಹೇಳಿದ ದಿನವೇ. ಗಡ್ಡೆಯ ಚೂರುಗಳ ನಡುವೆ ತೇಲಿ ಬಂದು ಜೆಟ್ಟಿಯ ಕಂಬಕ್ಕೆ ತಟ್ಟುತ್ತಿತ್ತು, ಹಗ್ಗ ಹಿಂದೆ ಎಳೆದುಕೊಂಡು. ಒಳಗೆ ಬಟ್ಟೆಯ ಕೆಳಗೆ ಬನ್ನುಗಳು ಹಾಗೇ ಇದ್ದವು, ಮೇಲಿನ ಸಾಲು ಒಣಗಿಯೂ ಇತ್ತು. ನಾನು ಅದನ್ನು ತಂದು ಮೇಜಿನ ನಡುವೆ ಇಟ್ಟೆ. ಹಾಲು ಕಾಯಿಸಲಿಲ್ಲ. ಈ ದ್ವೀಪದಲ್ಲಿ ಯಾರೂ ಉಪವಾಸ ಮಾಡಿದ್ದನ್ನು ಕಂಡಿಲ್ಲ ಎಂದು ಅವಳಿಗೆ ಬರೆದಿದ್ದೆ. ಈ ವರ್ಷ ನಮ್ಮ ಮನೆಯಲ್ಲಿ ನಿನ್ನೆಯವರೆಗೂ ಉಪವಾಸ ನಡೆಯಿತು. ಹಂದಿಯ ತೊಡೆಯನ್ನು ಎಸ್ಕಿಲ್‌ಗೆ ಕೊಟ್ಟೆ.

ಅವಳಿಗೆ ಬರೆದ ಮೂರು ಪತ್ರಗಳು ಇದರೊಳಗಿವೆ. ಅವು ಅವಳ ಪತ್ರಗಳು, ನಿನ್ನ ಮನೆಯಲ್ಲಿರಲಿ.

ಮರಿಗೆಯನ್ನೂ ಎಸ್ಕಿಲ್‌ನ ದೋಣಿಯಲ್ಲಿ ಕಳಿಸುತ್ತಿದ್ದೇನೆ. ಉಪ್ಪುನೀರಿಗೆ ಹಳೆಯ ಬಿರುಕು ಇನ್ನಷ್ಟು ಬಾಯಿ ಬಿಟ್ಟಿದೆ, ಇನ್ನು ಹಾಲು ನಿಲ್ಲುವುದಿಲ್ಲ. ಅದನ್ನು ಕಿಟಕಿಯಲ್ಲಿ ಇಡು. ತಲೆ ಎತ್ತಿದಾಗ ಕಾಣುವ ಕಡೆ.

ನೀನು ದಡಕ್ಕೆ ಹೋಗುತ್ತೀಯೋ ಇಲ್ಲವೋ ತಿಳಿಯದು. ಹೋದರೆ ಗುಡ್ಡದ ಕಡೆ ನೋಡು. ಕೆಂಪು ಹೊದಿಕೆ ಕಂಬದಲ್ಲಿದೆ. ಆ ಸಂಜೆ ಕಟ್ಟಿದ್ದು, ಇಳಿಸಿಲ್ಲ.

ಗುಸ್ತಾವಾ